ಎಡಗೈಗೂ ಒಂದು ಸರದಿ ಕೊಡಿ

ನಮ್ಮ ಅಜ್ಜಿ ಬಾವಿಯಿಂದ ನೀರು ಸೇದುವುದನ್ನು ನೋಡಿ ಬೆಳೆದವನು ನಾನು. ಬಲಗೈ ಹಗ್ಗ ಎಳೆದ ಕೂಡಲೇ ಎಡಗೈ ಮುಂದೆ ಹೋಗಿ ಹಿಡಿಯುತ್ತಿತ್ತು. ಎರಡೂ ಕೈಗೆ ಸಮ ಕೆಲಸ. ಈಗ ಉಡುಪಿಯಲ್ಲಿ ಯಾರ ಮನೆಗೆ ಹೋದರೂ ಬಾವಿಗೆ ಪಂಪು. ನಾವು ಮಣಿಪಾಲದ ಆಫೀಸಿನಲ್ಲಿ ದಿನವಿಡೀ ಬಗ್ಗಿ ಕೂತು, ಸಂಜೆ ಜಿಮ್ಮಿಗೆ ಹೋಗಿ, ಕನ್ನಡಿಯಲ್ಲಿ ಕಾಣುವ ಎದೆಯನ್ನೇ ಬೆಳೆಸುತ್ತೇವೆ.

ನಾನು ಎರಡು ವರ್ಷ ಬಾರ್‌ಬೆಲ್ ರೋ ಮಾಡಿದೆ, ಅಂದರೆ ಬಗ್ಗಿ ನಿಂತು ಭಾರದ ಉದ್ದ ಸರಳನ್ನು ಎರಡೂ ಕೈಯಲ್ಲಿ ಹೊಟ್ಟೆಯ ಕಡೆಗೆ ಎಳೆಯುವ ಬೆನ್ನಿನ ವ್ಯಾಯಾಮ. ಭಾರ ಏರುತ್ತಲೇ ಹೋಯಿತು. ಒಂದು ದಿನ ಒಂದೊಂದೇ ಕೈಯಲ್ಲಿ ಡಂಬೆಲ್ ಎಳೆದು ನೋಡಿದೆ. ಬಲಗೈ 20 ಕೆಜಿಯನ್ನು 12 ಸಲ ಎಳೆಯಿತು. ಎಡಗೈ 7ಕ್ಕೇ ನಿಂತಿತು. ಇಷ್ಟು ದಿನ ಬಲಗಡೆಯೇ ಸುಮ್ನೆ ಜಾಸ್ತಿ ಹೊರೆ ಹೊತ್ತಿತ್ತು ಅಲ್ವಾ?

ಅದಕ್ಕೇ ಹೇಳುತ್ತೇನೆ, ಬೆನ್ನಿಗೆ ಒಂದೇ ವ್ಯಾಯಾಮ ಸಾಕು ಎನ್ನುವವರು ಒಂಟಿ ಕೈ ರೋ ಮಾಡಿ. ಮೊದಲು ದುರ್ಬಲ ಕೈ. ಅದು 7ಕ್ಕೆ ನಿಂತರೆ ಬಲಗೈಯೂ 7ಕ್ಕೇ ನಿಲ್ಲಬೇಕು. ಇದು ಕಷ್ಟ, ಬಲಗೈಗೆ ಇನ್ನೂ ಶಕ್ತಿ ಇರುತ್ತದೆ. ಆದರೂ ನಿಲ್ಲಿಸಿ.

ಎಡಗೈಯಲ್ಲಿ ಎಳೆಯುವಾಗ ಬಲಗೈ, ಬಲ ಮೊಣಕಾಲು ಬೆಂಚಿನ ಮೇಲಿರಲಿ. ಸೊಂಟದಿಂದ ಕುತ್ತಿಗೆಯವರೆಗೆ ನೇರ. ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ, ಹೆಗಲಿನ ಕಡೆಗಲ್ಲ. ಅಂಗೈ ಬರೀ ಕೊಕ್ಕೆ ಅಂದುಕೊಳ್ಳಿ. ಆಗ ಕಂಕುಳ ಕೆಳಗಿನ ಲ್ಯಾಟ್ಸ್ (ಬೆನ್ನಿನ ಅಗಲ ಸ್ನಾಯು) ಕೆಲಸ ಮಾಡುವುದು ಗೊತ್ತಾಗುತ್ತದೆ. ಇಳಿಸುವಾಗ ಎರಡು ಮೂರು ಸೆಕೆಂಡು ತೆಗೆದುಕೊಳ್ಳಿ. ಹೆಚ್ಚಿನವರು ಇಲ್ಲೇ ಡಂಬೆಲ್ ಕೈಬಿಟ್ಟಂತೆ ಇಳಿಸುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಇನ್ನೊಂದು ಲಾಭ ಇದೆ. ಭಾರ ಒಂದೇ ಕಡೆ ತೂಗುವಾಗ ಮೈ ಅತ್ತಲೇ ತಿರುಗಲು ನೋಡುತ್ತದೆ. ತಿರುಗದಂತೆ ಹಿಡಿಯುವುದು ಹೊಟ್ಟೆ, ಸೊಂಟದ ಸ್ನಾಯುಗಳು. ಎಳೆತಕ್ಕಾಗಿ ಮೈಯನ್ನೇ ತಿರುಚಿದರೆ ಆ ಲಾಭ ಹೋಯಿತು. ಹಾಗಾದರೆ ಭಾರ ಕಡಿಮೆ ಮಾಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಕೈ ಬೆಂಚಿಗೆ ಊರಿರುವುದರಿಂದ, ಬಗ್ಗಿ ನಿಂತು ಬಾರ್‌ಬೆಲ್ ಎಳೆಯುವುದಕ್ಕಿಂತ ಸೊಂಟದ ಮೇಲೆ ಒತ್ತಡವೂ ಕಡಿಮೆ. ಈಗಾಗಲೇ ನೋವಿದ್ದವರು ಮಾತ್ರ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ಜಿಮ್ ಇಲ್ಲದವರು 5 ಲೀಟರ್ ಕ್ಯಾನಿಗೆ ನೀರು ತುಂಬಿಸಿ, ಹೆಚ್ಚುಕಮ್ಮಿ 5 ಕೆಜಿ. ಗಟ್ಟಿ ಮಂಚಕ್ಕೆ ಕೈ ಊರಿ ಎಳೆಯಿರಿ. ವಾರಕ್ಕೆ ಎರಡು ಸಲ, 10ರಂತೆ ಮೂರು ಸೆಟ್. ನನ್ನ ಎಡಗೈ ನಾಲ್ಕು ತಿಂಗಳಲ್ಲಿ 11ಕ್ಕೆ ಬಂದಿದೆ. ಬಲಗೈ ಇನ್ನೂ ಕಾಯುತ್ತಿದೆ.