ಶಾಲು ತಗೊಳ್ಳಿ ಸಾರ್, ಹ್ಯಾಂಡಲ್ ಕೇಳಬೇಡಿ

ಲಂಡನ್ನಿನ ಸೋಹೊದಲ್ಲಿ ಒಂದು ಬಾರ್ ಇದೆ. ಹೆಸರು ಜಾನ್ ಸ್ನೋ. ಕಾಲರಾ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಕೊಳಕು ನೀರಿನಿಂದ ಅಂತ ತೋರಿಸಿಕೊಟ್ಟ ಡಾಕ್ಟರು ಇವರು. ಜೀವನದ ಬಹುಪಾಲು ಹೆಂಡ ಮುಟ್ಟದೆ, ಕುಡಿತದ ವಿರುದ್ಧ ಭಾಷಣ ಮಾಡಿಕೊಂಡಿದ್ದವರು. ಅವರಿಗೆ ಗೌರವ ಸಲ್ಲಿಸಬೇಕು ಅಂತ 1955ರಲ್ಲಿ ಬಾರಿಗೆ ಅವರ ಹೆಸರಿಟ್ಟರು. ಅವರ ಅಭಿಮಾನಿಗಳ ಸಂಘವೂ ಒಂದಿದೆ. ಸದಸ್ಯರು ಸೋಹೊಗೆ ಹೋದಾಗ ಆ ಬಾರಿಗೆ ಭೇಟಿ ಕೊಡಬೇಕು ಅನ್ನುವುದು ಸಂಘದ ನಿಯಮ. ತಮಾಷೆಗೇ ಮಾಡಿಕೊಂಡ ನಿಯಮ, ಒಪ್ಪೋಣ. ಆದರೆ ಬದುಕಿದ್ದಾಗ ಆ ಮನುಷ್ಯನಿಗೆ ಸಿಕ್ಕಿದ್ದೇನು ಅಂತ ನೋಡಿದರೆ ನಗು ಸ್ವಲ್ಪ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

1854ರ ಆಗಸ್ಟ್ ಕೊನೆಗೆ ಸೋಹೊದಲ್ಲಿ ಕಾಲರಾ ಎದ್ದಿತು. ಆ ಒಂದೇ ಬಡಾವಣೆಯಲ್ಲಿ 600ಕ್ಕೂ ಜಾಸ್ತಿ ಜನ ಸತ್ತರು. ಸ್ನೋ ಮನೆಮನೆಗೆ ಹೋಗಿ ಯಾರು ಸತ್ತರು, ಯಾವ ನೀರು ಕುಡಿದಿದ್ದರು ಅಂತ ಕೇಳಿಕೊಂಡು ಬಂದರು. ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ಅಕ್ಕಪಕ್ಕದವರು. ಅಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಮಾತ್ರ ಯಾರೂ ಸತ್ತಿರಲಿಲ್ಲ, ಯಾಕೆಂದರೆ ಅವರು ಆ ಪಂಪಿನ ನೀರು ಮುಟ್ಟುತ್ತಲೇ ಇರಲಿಲ್ಲ. (ಬಾರಿಗೆ ಹೆಸರಿಟ್ಟವರು ಇದನ್ನೇ ನೆಪ ಮಾಡಿಕೊಂಡರೋ ಏನೋ.) ಸೆಪ್ಟೆಂಬರ್ 7ಕ್ಕೆ ಸ್ಥಳೀಯ ಆಡಳಿತದವರ ಮುಂದೆ ಹೋಗಿ ಅವರು ಕೇಳಿದ್ದು ಒಂದೇ: ಪಂಪಿನ ಹ್ಯಾಂಡಲ್ ತೆಗೆಸಿ. ಮಾರನೇ ದಿನ ತೆಗೆಸಿದರು. ಅಷ್ಟು ಹೊತ್ತಿಗೆ ಕಾಯಿಲೆ ಇಳಿಯತೊಡಗಿತ್ತು ಅಂತ ಸ್ನೋ ಅವರೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾರೆ. ಆಮೇಲೆ ಸಾಹೇಬರುಗಳು ಏನು ಮಾಡಿದರು ಹೇಳಿ? ಗಲಾಟೆ ತಣ್ಣಗಾದ ಮೇಲೆ ಹ್ಯಾಂಡಲನ್ನು ವಾಪಸ್ ಹಾಕಿಸಿದರು! ಇವರ ವಾದ ನಂಬುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ ಅಂತ ಸರ್ಕಾರಿ ಸಮಿತಿಯೊಂದು ವರದಿಯನ್ನೂ ಕೊಟ್ಟಿತು. ಸಮಿತಿಗಳ ಕಾಯಿಲೆಗೆ ಇವತ್ತಿಗೂ ಲಸಿಕೆ ಬಂದಿಲ್ಲ, ಆ ಮಾತು ಬೇರೆ.

1858ರಲ್ಲಿ ಸ್ನೋ ತೀರಿಕೊಂಡಾಗ ವಯಸ್ಸು ಬರೀ 45. ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆ ಒಂದೆರಡು ಸಾಲಿನ ಸುದ್ದಿ ಹಾಕಿತು. ಅದರಲ್ಲಿ ಅರಿವಳಿಕೆಯ ಕ್ಲೋರೋಫಾರ್ಮ್ ಮೇಲೆ ಅವರು ಮಾಡಿದ ಕೆಲಸ ಇದೆ, ಕಾಲರಾ ಅನ್ನುವ ಶಬ್ದವೇ ಇಲ್ಲ. ತಪ್ಪಾಯಿತು ಅಂತ ಅದೇ ಪತ್ರಿಕೆ ತಿದ್ದುಪಡಿ ಹಾಕಿದ್ದು 2013ರಲ್ಲಿ. 155 ವರ್ಷ ಆದಮೇಲೆ! ನಮ್ಮ ಕಂದಾಯ ಇಲಾಖೆಯ ಬಗ್ಗೆ ದೂರುವವರು ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ಅದು ಇಂಗ್ಲೆಂಡಿನ ಕಥೆ ಆಯಿತು. ಇಲ್ಲಿಯದು ಕೇಳಿ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ವಾಲ್ಡೆಮಾರ್ ಹಾಫ್ಕಿನ್ ಅನ್ನುವವರು ಅಲ್ಲಿನ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು ಕೆಲವೇ ತಿಂಗಳಲ್ಲಿ ಲಸಿಕೆ ತಯಾರು ಮಾಡಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಅದೇ ವರ್ಷ ಬ್ರಿಟಿಷ್ ಸರ್ಕಾರ ಬಿರುದು ಕೊಟ್ಟಿತು. ಮುಂದಿನ ವರ್ಷ ನಮ್ಮ ಹುಬ್ಬಳ್ಳಿಯಲ್ಲೇ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಅನ್ನುವ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯು ಬಂದು ಸತ್ತರು. ಬಾಟಲಿ ಕೆಟ್ಟದ್ದು ಎಲ್ಲಿ, ಹೇಗೆ ಅಂತ ಸರಿಯಾಗಿ ನೋಡುವ ಮೊದಲೇ ತಪ್ಪನ್ನು ಹಾಫ್ಕಿನ್ ತಲೆ ಮೇಲೆ ಹೊರಿಸಿ ಮನೆಗೆ ಕಳಿಸಿದರು. ಇವರದ್ದೇನೂ ತಪ್ಪಿಲ್ಲ ಅಂತ ಒಪ್ಪಿಕೊಳ್ಳುವುದಕ್ಕೆ 1907 ಬರಬೇಕಾಯಿತು. ವಾಪಸ್ ಬಂದರೆ ಹಳೇ ಕುರ್ಚಿ ಇಲ್ಲ. 1925ರಲ್ಲಿ ಅವರೇ ಶುರು ಮಾಡಿದ್ದ ಮುಂಬೈನ ಪ್ಲೇಗ್ ಲ್ಯಾಬಿಗೆ ಅವರ ಹೆಸರಿಟ್ಟರು, ಅವರು ಯುರೋಪಿಗೆ ಹೋಗಿ ಕೂತು ಎಷ್ಟೋ ವರ್ಷ ಆಗಿತ್ತು. ಬಿರುದು, ಸಸ್ಪೆನ್ಷನ್, ಬೋರ್ಡು. ಒಬ್ಬ ವಿಜ್ಞಾನಿಗೆ ಮೂರೂ ಸಿಕ್ಕಿದ್ದು ಅಪರೂಪವೇ.

ಬೆಂಗಳೂರಿಗೂ ಪ್ಲೇಗ್ 1898ರಲ್ಲೇ ಬಂತು. ಆ ಕಾಲದ ಪ್ಲೇಗಮ್ಮನಿಗೆ ಇವತ್ತಿಗೂ ಗುಡಿ ಇದೆ, ಪೂಜೆ ಇದೆ. ಹಾಫ್ಕಿನ್ ಯಾರು ಅಂತ ಅದೇ ಬೀದಿಯಲ್ಲಿ ಕೇಳಿ ನೋಡಿ. ಅಮ್ಮನ ಮೇಲೆ ನನಗೇನೂ ದೂರಿಲ್ಲ ಮತ್ತೆ. ಅವಳು ಯಾರಿಗೂ ಸಸ್ಪೆನ್ಷನ್ ಆರ್ಡರ್ ಕೊಟ್ಟವಳಲ್ಲ.

ಈಗ ನಾವು ಸುಧಾರಿಸಿದ್ದೇವೆ. ಬದುಕಿರುವಾಗಲೇ ಸನ್ಮಾನ ಮಾಡುತ್ತೇವೆ. ‘ಸಾರ್ವಜನಿಕ ಆರೋಗ್ಯ ಕ್ಷೇತ್ರದ ಮಹನೀಯರಿಗೆ ಗೌರವ ಸಮರ್ಪಣೆ’ ಅನ್ನುವ ಆಹ್ವಾನ ಪತ್ರಿಕೆ ಬಂದರೆ ಒಮ್ಮೆ ಬಿಡಿಸಿ ನೋಡಿ. ಘನ ಉಪಸ್ಥಿತಿ, ಉದ್ಘಾಟನೆ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ಪ್ರೋಟೋಕಾಲ್ ಪ್ರಕಾರ ಬರಲೇಬೇಕಾದ ಇನ್ನಷ್ಟು ಹೆಸರುಗಳು, ಎಲ್ಲ ದಾಟಿ ಕೆಳಗೆ ಪ್ರೆಸ್ಸಿನವರ ಹೆಸರಿನ ಪಕ್ಕದಲ್ಲಿ ಆ ಬಡ ವಿಜ್ಞಾನಿ ಸಿಗುತ್ತಾರೆ. 10 ಗಂಟೆಗೆ ಅಂದ ಸಭೆ ಮಂತ್ರಿಗಳು ಬಂದಾಗ ಶುರು. ಮುಚ್ಚಿದ ಕಿಟಕಿಯ ಹಾಲಿನಲ್ಲಿ ಜನ ಕೆಮ್ಮುತ್ತಾ ಕೂತಿರುತ್ತಾರೆ. ಬಾಗಿಲಲ್ಲಿ ನೀರಿನ ಕ್ಯಾನು, ಕ್ಯಾನಿನ ಮೇಲೆ ಒಂದೇ ಒಂದು ಸ್ಟೀಲ್ ಲೋಟ, ಬಂದವರೆಲ್ಲ ಅದನ್ನೇ ಕಚ್ಚಿ ಕುಡಿಯುವುದು. ಒಂದು ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಅಂತ 40 ವರ್ಷ ಲೆಕ್ಕ ಹಾಕಿದ ಮನುಷ್ಯನಿಗೆ ಸನ್ಮಾನ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಮೈಸೂರು ಪೇಟ, ಶಾಲು, ಗಂಧದ ಹಾರ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಸನ್ಮಾನ ಪತ್ರ ಓದುವವರು ಅವರನ್ನು ಒಮ್ಮೆ ಸರ್ಜನ್ ಅಂತಾರೆ, ಒಮ್ಮೆ ಧನ್ವಂತರಿ ಅಂತಾರೆ. ಮಾತಾಡಲು ಕೊನೆಯಲ್ಲಿ ಎರಡು ನಿಮಿಷ. ಅಷ್ಟರಲ್ಲೇ ಚೀಟಿ ಬರುತ್ತದೆ: ಸಮಯದ ಅಭಾವ, ದಯವಿಟ್ಟು ಮುಗಿಸಿ.

ಮುಗಿಸದಿದ್ದರೆ ಅವರು ಏನು ಹೇಳುತ್ತಿದ್ದರು? ಮಲೆನಾಡಿನ ಕಡೆಯವರಾದರೆ ಮಂಗನ ಕಾಯಿಲೆಯ ವಿಷಯ ಬರುತ್ತಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರಕ್ಕೆ ಬಿದ್ದರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಎಣಿಸಿದರು. ಕಾಡು ಕಡಿದ ಅಂಚು, ಅಲ್ಲಿ ಮೇಯುವ ದನ, ದನದ ಮೇಲೆ ಬೆಳೆಯುವ ಉಣುಗು ಅಂತ ದಾರಿಯನ್ನೂ ತೋರಿಸಿಕೊಟ್ಟರು. ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆಲ್ಲ ನಮ್ಮ ಒಂದು ಹಳ್ಳಿಯ ಹೆಸರು ಸೇರಿತು. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಸಾವುಗಳಾದಾಗ ಕಾಯಿಲೆಗೆ 60 ವರ್ಷ ದಾಟಿತ್ತು, ಷಷ್ಟಿಪೂರ್ತಿಯೇ ಮಾಡಬಹುದಿತ್ತು. ಇದ್ದ ಹಳೇ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಹೊಸದು ಜನರ ಕೈಗೆ ಸಿಗುವ ಮೊದಲೇ ಹಳೆಯದು ಹೋಯಿತು. ಉಳಿದದ್ದು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಹೀಗೆ ಏನಾದರೂ ಹೇಳಿಬಿಟ್ಟರೆ ಅನ್ನುವ ಭಯಕ್ಕೇ ಚೀಟಿ.

ಆ ಎಣ್ಣೆಯನ್ನು ಮನೆಮನೆಗೆ ತಲುಪಿಸುವವರು, ಜ್ವರದ ಲೆಕ್ಕ ಬರೆದುಕೊಳ್ಳುವವರು ಆಶಾ ಕಾರ್ಯಕರ್ತೆಯರು. ಅವರಿಗೂ ಗೌರವ ಕಮ್ಮಿಯಿಲ್ಲ ಬಿಡಿ. ಕೊರೊನಾ ವಾರಿಯರ್ ಅಂದೆವು, ತಟ್ಟೆ ಬಡಿದೆವು, 2020ರ ಮೇ ತಿಂಗಳಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಸಿದೆವು. ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು ಗ್ಲೌಸು ಕೊಡಿ ಅಂತ ಮುಷ್ಕರಕ್ಕೆ ಕೂತರು. ಮೇಲಿಂದ ಬಿದ್ದ ಹೂವನ್ನು ಬ್ಯಾಂಕಿಗೆ ಕಟ್ಟಲು ಬರುವುದಿಲ್ಲ ಅಲ್ವಾ.

ಸನ್ಮಾನದ ದಿನವೂ ಅವರು ಇರುತ್ತಾರೆ. ಗುಲಾಬಿ ಸೀರೆ ಉಟ್ಟು, ಪೂರ್ಣಕುಂಭ ಹಿಡಿದು, ಬಾಗಿಲಲ್ಲಿ ಎರಡು ಸಾಲು. ನಡುವೆ ಒಬ್ಬರಿಗೆ ಊರಿನಿಂದ ಫೋನ್ ಬರುತ್ತದೆ, ಅಡಿಕೆ ತೋಟದಲ್ಲಿ ಮಂಗ ಸತ್ತು ಬಿದ್ದಿದೆ ಅಂತ. “ಸಾರ್, ಹೋಗಿ ಬರಲಾ?” ಅಂತ ಮೇಲಿನವರನ್ನು ಕೇಳಿದರೆ ಅವರು ಸ್ಟೇಜ್ ಕಡೆ ನೋಡಿಕೊಂಡೇ ಹೇಳುತ್ತಾರೆ: “ಗ್ರೂಪ್ ಫೋಟೊ ಆಗಲಿ ಇರಮ್ಮ. ಸತ್ತ ಮಂಗ ಎಲ್ಲಿಗೆ ಓಡಿಹೋಗುತ್ತೆ?”