ಸ್ಪಷ್ಟನೆ: ಪೈಥಾನ್ 3.12ಕ್ಕೆ ಹೋದರೆ ಹಳೆಯ ಲೈಬ್ರರಿಗಳೆಲ್ಲ ಕೈಕೊಡುವುದಿಲ್ಲ

‘ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಂಡರೆ ಹಳೆಯ ಓಪನ್ ಸೋರ್ಸ್ ಲೈಬ್ರರಿಗಳೆಲ್ಲ ನಿಂತುಹೋಗುತ್ತವೆ, 3.11ರಲ್ಲೇ ಇರಿ’ ಎಂಬ ಸಲಹೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ನಡುವೆ ಓಡಾಡುತ್ತಿದೆ. (ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಾವು ಬಳಸಿಕೊಳ್ಳುವ ಸಿದ್ಧ ಕೋಡ್.) ಇದು ಅರ್ಧ ಸತ್ಯ.

ನಿಜ ಇರುವುದು ಇಷ್ಟು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಿಂದ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲನ್ನು (ಲೈಬ್ರರಿಗಳನ್ನು ಕಟ್ಟಿ ಇನ್‌ಸ್ಟಾಲ್ ಮಾಡಲು ಪೈಥಾನ್ ಜೊತೆಗೇ ಬರುತ್ತಿದ್ದ ಕೋಡ್) ತೆಗೆದುಹಾಕಿದ್ದಾರೆ. ಏಕಾಏಕಿ ಅಲ್ಲ, 3.10ರಿಂದಲೇ ಎಚ್ಚರಿಕೆ ಕೊಡುತ್ತಿದ್ದರು. (ಆ ಎಚ್ಚರಿಕೆಯ ಸಾಲುಗಳನ್ನು ಓದುವವರು ಯಾರು, ಅಲ್ವಾ?) ಅದನ್ನು ಇಂಪೋರ್ಟ್ ಮಾಡುವ ಹಳೆಯ ಕೋಡ್ ಈಗ ‘ಮಾಡ್ಯೂಲ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ.

ಆದರೆ ಅದೇ ಕೆಲಸಕ್ಕೆ ಬೇರೆಯಾಗಿ ಸಿಗುವ ಸೆಟಪ್‌ಟೂಲ್ಸ್ ಪ್ಯಾಕೇಜ್ ತನ್ನೊಳಗೇ ಡಿಸ್ಟ್‌ಯುಟಿಲ್ಸ್‌ನ ಒಂದು ಪ್ರತಿ ಇಟ್ಟುಕೊಂಡಿದೆ. ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಮೂಲಕ ಸೆಟಪ್‌ಟೂಲ್ಸ್ ಹಾಕಿದರೆ ಎಷ್ಟೋ ಲೈಬ್ರರಿಗಳು ಒಂದಕ್ಷರ ಬದಲಿಸದೆ ಓಡುತ್ತವೆ. ಮೊದಲು ಸೆಟಪ್‌ಟೂಲ್ಸ್ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೆಂದೇ ಮಾಡಿಕೊಳ್ಳುವ ಪ್ರತ್ಯೇಕ ಪೈಥಾನ್ ಜಾಗ) ಜೊತೆ ತಾನಾಗಿಯೇ ಬರುತ್ತಿತ್ತು, 3.12ರಿಂದ ಬರುವುದಿಲ್ಲ. ಗೊಂದಲ ಜಾಸ್ತಿ ಆಗಿದ್ದು ಇಲ್ಲೇ.

ಬೇರೆ ಕೋಡನ್ನು ಇಂಪೋರ್ಟ್ ಮಾಡಿಕೊಳ್ಳಲು ಬಳಸುತ್ತಿದ್ದ ‘ಇಂಪ್’ ಮಾಡ್ಯೂಲ್ ಕೂಡ ಅದೇ ಆವೃತ್ತಿಯಲ್ಲಿ ಹೋಯಿತು. ಇದಕ್ಕೆ ಸೆಟಪ್‌ಟೂಲ್ಸ್ ಮದ್ದಲ್ಲ. ಕೋಡನ್ನು ಅದರ ಬದಲಿಗೆ ಇರುವ ಇಂಪೋರ್ಟ್‌ಲಿಬ್ ಮಾಡ್ಯೂಲ್‌ಗೆ ಬದಲಿಸಲೇಬೇಕು. ಸಿ ಭಾಷೆಯ ಭಾಗವಿರುವ ಲೈಬ್ರರಿಗಳನ್ನು ಸಾಮಾನ್ಯವಾಗಿ ಹೊಸ ಆವೃತ್ತಿಗೆ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಸ್ಟೇಬಲ್ ಎಬಿಐಗೆ (ಆವೃತ್ತಿ ಬದಲಾದರೂ ಬದಲಾಗದಂತೆ ಇಟ್ಟಿರುವ ಸಂಪರ್ಕ ನಿಯಮಗಳಿಗೆ) ಕಟ್ಟಿದವು ಮಾತ್ರ ಇದಕ್ಕೆ ಹೊರತು. ಬರೀ ಪೈಥಾನ್‌ನಲ್ಲಿ ಬರೆದವಕ್ಕೆ ಈ ತಲೆನೋವಿಲ್ಲ.

ಇನ್ನು ‘3.11ರಲ್ಲೇ ಇರಿ’ ಅನ್ನುವುದು. ಒಂದೇ ಯಂತ್ರದಲ್ಲಿ ಎರಡೂ ಆವೃತ್ತಿ ಇಟ್ಟುಕೊಳ್ಳಬಹುದು. ಹಠ ಹಿಡಿದ ಆ ಒಂದು ಲೈಬ್ರರಿಗೆ 3.11ರ ಬೇರೆ ಎನ್ವಿರಾನ್‌ಮೆಂಟ್ ಮಾಡಿ. ಅದಕ್ಕೋಸ್ಕರ ಸುಮ್ನೆ ಉಳಿದೆಲ್ಲ ಪ್ರಾಜೆಕ್ಟ್‌ಗಳನ್ನು ಹಿಂದೆ ಉಳಿಸಬೇಕಿಲ್ಲ.