ಆರು ಸಾವಿರದ ಮಿಷನ್ನು, ಇನ್ನೂರು ರೂಪಾಯಿಯ ಅರ

ಅಡಿಕೆ ಕೊಯ್ಲು ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ವಿಷಯಕ್ಕೆ. "ಚೈನ್ ಸಾ ತಗೋಬೇಕು ಮಾರಾಯ, ಎಷ್ಟು ಸಿಸಿದು ತಗೊಳ್ಳಲಿ?" ಅಡಿಕೆ ಬೇಯಿಸುವ ಒಲೆಗೆ ಸೌದೆ ಬೇಕು, ಬಚ್ಚಲ ಹಂಡೆಗೆ ವರ್ಷವಿಡೀ ಬೇಕು, ಕೊಡಲಿ ಹಿಡಿಯುವ ಆಳುಗಳು ಸಿಗುವುದಿಲ್ಲ. ಹಾಗಾಗಿ ನಮ್ಮ ಕೊಪ್ಪದ ಕಡೆ ಈಗ ಮನೆಗೊಂದು ಮಿಷನ್ನು. ಅದರಲ್ಲಿ ಅರ್ಧ ಕೊಟ್ಟಿಗೆ ಗೋಡೆಯಲ್ಲಿ ನೇತಾಡುತ್ತಿವೆ, ಅದು ಬೇರೆ ವಿಷಯ.

ಎಷ್ಟು ಸಿಸಿ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ. ನಿಮಗೆ ಅರ ಹಾಕಲು, ಅಂದರೆ ಚೈನಿನ ಹಲ್ಲು ಉಜ್ಜಿ ಚೂಪು ಮಾಡಲು, ಬರುತ್ತದಾ? ತಮಾಷೆ ಮಾಡ್ತಿದ್ದಾನೆ ಅಂದುಕೊಳ್ಳುತ್ತಾರೆ. ಇಲ್ಲ ಮಾರಾಯ್ರೆ, ನನ್ನ ಕೈ ಸುಟ್ಟ ಮೇಲೆ ಬಂದ ಬುದ್ಧಿ ಇದು.

ನನ್ನ ಮೊದಲ ಮಿಷನ್ನಿಗೆ ಆರು ಸಾವಿರ ಕೊಟ್ಟಿದ್ದೆ. ಮೈಮೇಲೆ ದಪ್ಪ ಅಕ್ಷರದಲ್ಲಿ 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ). ಇನ್ನೇನು ಬೇಕು? ಆ ಮಳೆಗಾಲದಲ್ಲಿ ತೋಟದ ಮೇಲಿನ ಒಂದು ಮತ್ತಿ ಮರ ಗಾಳಿಗೆ ಬಿದ್ದಿತ್ತು. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅನುಮತಿ ಬಂದ ಮೇಲೆ ಕೊಯ್ಯಲು ಹೋದೆ. (ಮತ್ತಿ, ಹೊನ್ನೆ, ನಂದಿ ನಮ್ಮದೇ ಜಮೀನಿನಲ್ಲಿದ್ದರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಸಿಲ್ವರ್ ಓಕ್, ಸರ್ವೆಗೆ ಆ ತಾಪತ್ರಯ ಇಲ್ಲ.) ಮೊದಲ ಎರಡು ತುಂಡು ಬೆಣ್ಣೆ ಕೊಯ್ದ ಹಾಗೆ. ಮೂರನೆಯದಕ್ಕೆ ಹೊಗೆ. ನಾಲ್ಕನೆಯದಕ್ಕೆ ನಾನೇ ಮಿಷನ್ನಿನ ಮೇಲೆ ಒರಗಿ ಭಾರ ಹಾಕುತ್ತಿದ್ದೆ.

ಪಕ್ಕದ ಊರಿನಲ್ಲಿ ಮರ ಕೊಯ್ಯುವುದನ್ನೇ ಕಸುಬು ಮಾಡಿಕೊಂಡ ಹಿರಿಯರೊಬ್ಬರಿದ್ದಾರೆ. ಆ ದಾರಿಯಲ್ಲೇ ಹೋಗುತ್ತಿದ್ದವರು ಸದ್ದು ಕೇಳಿ ಬಂದು ನಿಂತರು. ಮರವನ್ನೂ ನೋಡಲಿಲ್ಲ, ಮಿಷನ್ನನ್ನೂ ನೋಡಲಿಲ್ಲ. ಬಗ್ಗಿ ಕೆಳಗೆ ಬಿದ್ದಿದ್ದ ಪುಡಿಯನ್ನು ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದರು. ರಾಗಿ ಹಿಟ್ಟಿನ ಹಾಗಿತ್ತು. "ಗೌಡ್ರೇ, ಇದು ಕೊಯ್ತಾ ಇಲ್ಲ. ಉಜ್ತಾ ಇದೆ" ಅಂದರು.

ಹಲ್ಲು ಚೂಪಾಗಿದ್ದರೆ ಅವಲಕ್ಕಿ ಥರದ ಚಕ್ಕೆ ಉದುರಬೇಕು. ಹಿಟ್ಟು ಉದುರಿದರೆ ಹಲ್ಲು ಹೋಗಿದೆ ಅಂತ ಅರ್ಥ. ನನ್ನ ಚೈನ್ ಹೋಗಿದ್ದು ಮರದ ಗಟ್ಟಿತನಕ್ಕಲ್ಲ. ದಿಮ್ಮಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ತೋಟದಿಂದ ಎಳೆದು ತಂದಿದ್ದೆವು. ತೊಗಟೆಯ ಬಿರುಕಿನ ತುಂಬ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲಿನ ಚೂರು. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ ಒಂದು ಸಲ ಕಲ್ಲು ಮುಟ್ಟಿದರೆ ಎಲ್ಲ ಹಲ್ಲಿನ ಮೂತಿಯೂ ಮೊಂಡಾಗುತ್ತದೆ. ಅವರು ಸೊಂಟದ ಕತ್ತಿ ತೆಗೆದು, ಕೊಯ್ಯುವ ಗೆರೆಯಲ್ಲಿ ನಾಲ್ಕು ಬೆರಳಗಲ ತೊಗಟೆ ಕೆತ್ತಿ ಬಿಸಾಡಿದರು. ಆಮೇಲೆ ಚೀಲದಿಂದ ಒಂದು ದುಂಡು ಅರ ತೆಗೆದು ಅಲ್ಲೇ ದಿಮ್ಮಿಯ ಮೇಲೆ ಕೂತರು. ಇಪ್ಪತ್ತು ನಿಮಿಷ. ಅದೇ ಆರು ಸಾವಿರದ ಮಿಷನ್ನು ಮತ್ತೆ ಚಕ್ಕೆ ಉಗುಳಿತು.

ಹಾಗಂತ ಅಗ್ಗದ ಮಿಷನ್ನೇ ಸಾಕು ಅಂತ ನಾನು ಹೇಳುತ್ತಿಲ್ಲ. ಅದು ಎರಡನೇ ಮಳೆಗಾಲ ನೋಡಲಿಲ್ಲ. ಬಿಚ್ಚಿದಾಗ ಕುತೂಹಲಕ್ಕೆ ಮೆಕ್ಯಾನಿಕ್ಕಿನ ಹತ್ತಿರ ಅಳತೆ ಹಿಡಿಸಿದೆ. ಸಿಲಿಂಡರಿನ ಬಾಯಿ 45 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 34. ಲೆಕ್ಕ ಹಾಕಿ ನೋಡಿ, 54 ಸಿಸಿ ಬರುತ್ತದೆ. ಉಳಿದ 4 ಸಿಸಿ ಸ್ಟಿಕ್ಕರಿನಲ್ಲಿತ್ತು.

ಈಗ ನಿಜವಾದ ಪ್ರೊಫೆಷನಲ್ ಮಿಷನ್ನಿನ ಮಾತಿಗೆ ಬರುತ್ತೇನೆ. ಅದರಲ್ಲಿ ಶಕ್ತಿ ಜಾಸ್ತಿ, ಸರಿ. ಆದರೆ ಏಳೆಂಟು ಪಟ್ಟು ದುಡ್ಡು ಕೊಡುವುದು ಬರೀ ಶಕ್ತಿಗಲ್ಲ. ಮನೆಬಳಕೆಯ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಇಂಜಿನ್ನನ್ನು ಪ್ಲಾಸ್ಟಿಕ್ ಚಿಪ್ಪಿನೊಳಗೆ ಕೂರಿಸಿರುತ್ತಾರೆ. ವೃತ್ತಿಯವರ ಮಿಷನ್ನಿನಲ್ಲಿ ಕ್ರ್ಯಾಂಕ್ ಇರುವ ಪೆಟ್ಟಿಗೆಯೇ ಮೆಗ್ನೀಸಿಯಂ ಲೋಹದ್ದು. ಸಿಲಿಂಡರ್ ಬೇರೆಯಾಗಿ ಬಿಚ್ಚಬಹುದು, ಹತ್ತು ವರ್ಷ ಆದಮೇಲೆ ಪಿಸ್ಟನ್ ಹಾಕಿಸಿ ಮತ್ತೆ ಓಡಿಸಬಹುದು. ಹಿಡಿ ಮತ್ತು ಇಂಜಿನ್ನಿನ ನಡುವೆ ಸ್ಪ್ರಿಂಗ್ ಇರುತ್ತದೆ. ಬೆಳಗ್ಗಿನಿಂದ ಸಂಜೆವರೆಗೆ ಕೊಯ್ದವರಿಗೇ ಅದರ ಬೆಲೆ ಗೊತ್ತು. ನನ್ನ ಹಳೆಯ ಮಿಷನ್ನು ಹಿಡಿದ ದಿನ ರಾತ್ರಿ ಊಟಕ್ಕೆ ಕೂತರೆ ಬೆರಳು ಜೋಮು ಹಿಡಿದು ಅನ್ನ ಕಲಸಲು ಆಗುತ್ತಿರಲಿಲ್ಲ.

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಜರ್ಮನಿಯ ಸ್ಟಿಲ್ ಮತ್ತು ಸ್ವೀಡನ್ನಿನ ಹಸ್ಕ್ವರ್ನ. ಸ್ಟಿಲ್ ಶುರುವಾಗಿದ್ದು 1926ರಲ್ಲಿ. ಹಸ್ಕ್ವರ್ನ ಅದಕ್ಕಿಂತ ತುಂಬಾ ಹಳೆಯದು, 1689ರಲ್ಲಿ ಕೋವಿ ಕಾರ್ಖಾನೆಯಾಗಿ ಹುಟ್ಟಿದ್ದು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಜಗಳ ಆಡುವವರಿದ್ದಾರೆ, ನಾನು ಆ ಗುಂಪಿನಲ್ಲಿಲ್ಲ. ನಿಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಯಾವುದರ ಬಿಡಿಭಾಗ ಸಿಗುತ್ತದೋ, ಬಿಚ್ಚಿ ಜೋಡಿಸುವವನು ಎಲ್ಲಿದ್ದಾನೋ, ಅದು ಒಳ್ಳೆಯದು.

ಅಳತೆ ಹೇಳಿ ಅನ್ನುವವರಿಗೆ ಹೇಳುತ್ತೇನೆ. ಸಿಲ್ವರ್ ಓಕ್ ಕೊಂಬೆ, ಅಕೇಶಿಯ, ಬಚ್ಚಲಿಗೆ ಸೌದೆ, ಇಷ್ಟೇ ಆದರೆ 45 ಸಿಸಿ ಸಾಕು. ಸ್ಟಿಲ್ ಎಂಎಸ್ 250 ಆ ಸಾಲಿನದು, 2.3 ಕಿಲೋವಾಟ್, ಬಾರ್ ಚೈನ್ ಬಿಟ್ಟು ನಾಲ್ಕೂವರೆ ಕೆಜಿ ಚಿಲ್ಲರೆ. ಅದು ಪ್ರೊಫೆಷನಲ್ ಅಲ್ಲ, ಆದರೆ ನೂರಕ್ಕೆ ಎಂಬತ್ತು ಮನೆಗೆ ಅದಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಅಂದಾಜು. ಒಣಗಿದ ಜಂಬೆ, ಮತ್ತಿ, ತೇಗದ ಬುಡ ದಿನವಿಡೀ ಕೊಯ್ಯುವುದಾದರೆ ಮಾತ್ರ 60ರಿಂದ 70 ಸಿಸಿಗೆ ಹೋಗಿ. ಹಸ್ಕ್ವರ್ನ 372, ಸ್ಟಿಲ್ ಎಂಎಸ್ 382 ಅಲ್ಲಿ ಬರುತ್ತವೆ. ಬರೀ ಇಂಜಿನ್ ಭಾಗವೇ ಆರು ಕೆಜಿ ಮೇಲೆ ತೂಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಎತ್ತಿ ನೋಡಿ "ಹಗುರ ಇದೆ" ಅನ್ನಬೇಡಿ. ಹತ್ತು ನಿಮಿಷ ಹಿಡಿದು ನಿಲ್ಲಿ.

ಬಾರ್ ಉದ್ದಕ್ಕೆ ಮರುಳಾಗುವುದು ನಮ್ಮವರ ದೊಡ್ಡ ಕಾಯಿಲೆ. ಬಾರ್ ಉದ್ದವಾದಷ್ಟೂ ಮರದೊಳಗೆ ಏಕಕಾಲಕ್ಕೆ ಕಚ್ಚುವ ಹಲ್ಲು ಹೆಚ್ಚು, ಅಷ್ಟೂ ಹಲ್ಲನ್ನು ಎಳೆಯುವ ದಮ್ಮು ಇಂಜಿನ್ನಿಗೆ ಬೇಕು. ಗಟ್ಟಿ ಮರಕ್ಕೆ 70 ಸಿಸಿಗೆ 20 ಇಂಚು ನನಗೆ ಹಿಡಿಸಿದ ಜೋಡಿ. ದಪ್ಪ ದಿಮ್ಮಿ ಬಂದರೆ ಎರಡೂ ಬದಿಯಿಂದ ಕೊಯ್ದರಾಯಿತು.

ಚೈನ್ ಬಗ್ಗೆ ಅಂಗಡಿಯಲ್ಲಿ ಯಾರೂ ಕೇಳುವುದೇ ಇಲ್ಲ. "ಇಪ್ಪತ್ತು ಇಂಚಿಂದು ಕೊಡಿ" ಅಂದರೆ ಮುಗಿಯಿತು. ಹಾಗಲ್ಲ. ಪಿಚ್ (ಕೊಂಡಿಗಳ ನಡುವಿನ ಅಂತರ) ಎಷ್ಟು, ಗೇಜ್ (ಬಾರಿನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ) ಎಷ್ಟು, ಡ್ರೈವ್ ಲಿಂಕ್ (ಸೀಳಿನಲ್ಲಿ ಕೂರುವ ಆ ಕೊಂಡಿಗಳು) ಎಷ್ಟು, ಮೂರೂ ಹೊಂದಬೇಕು. ಬಾರಿನ ಬುಡದಲ್ಲಿ ಸಾಮಾನ್ಯವಾಗಿ ಕೆತ್ತಿರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಹಲ್ಲಿನಲ್ಲೂ ಎರಡು ಜಾತಿ. ಚೌಕ ಮೂಲೆಯದು ಹಸಿ, ಶುದ್ಧ ಮರದಲ್ಲಿ ಬೇಗ ಕೊಯ್ಯುತ್ತದೆ. ಮೂಲೆ ಸ್ವಲ್ಪ ದುಂಡಗಿರುವುದು, ಸೆಮಿ ಚಿಸೆಲ್ ಅನ್ನುತ್ತಾರೆ, ಕೊಂಚ ನಿಧಾನ, ಆದರೆ ಒಣ ಗಟ್ಟಿ ಮರಕ್ಕೂ ಮಣ್ಣು ಹತ್ತಿದ ತೊಗಟೆಗೂ ಜಾಸ್ತಿ ಹೊತ್ತು ಬಾಳುತ್ತದೆ. ನಮಗೆ ಅದೇ ಸರಿ. ತೇಗದ ಮರದೊಳಗೇ ಮರಳಿನಂಥ ಸಿಲಿಕಾ ಇರುತ್ತದೆ, ಅದಕ್ಕಂತೂ ಅರ ಜೇಬಿನಲ್ಲೇ ಇರಲಿ.

ಹಲ್ಲಿನ ಮಾತು ಬಂತಲ್ಲ, ಒಂದು ಕಥೆ. ಈಗಿನ ಚೈನಿನ ಹಲ್ಲು ಹುಟ್ಟಿದ್ದು ಒಂದು ಹುಳದಿಂದ. ಅಮೆರಿಕದ ಒರೆಗಾನಿನಲ್ಲಿ ಜೋಸೆಫ್ ಕಾಕ್ಸ್ ಅಂತ ಮರ ಕಡಿಯುವವನಿದ್ದ. 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ದಪ್ಪ ಮರಿಹುಳ ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತಾ ಮರ ಕೊರೆಯುವುದನ್ನು ನೋಡಿದ. ಅದೇ ಆಕಾರದಲ್ಲಿ ಎಡ ಬಲ ಹಲ್ಲಿನ ಚೈನ್ ಮಾಡಿ ಮರುವರ್ಷ ಮಾರಾಟಕ್ಕಿಳಿದ. ಆ ಹುಳ ಉದ್ದ ಮೀಸೆಯ ದುಂಬಿಗಳ ಸಂಸಾರದ್ದು. ನಮ್ಮ ಅರೇಬಿಕಾ ಕಾಫಿ ಗಿಡ ತಿನ್ನುವ ಬಿಳಿ ಕಾಂಡಕೊರಕವೂ ಅದೇ ಸಂಸಾರದ್ದೇ! ಬೈಯುವುದೋ ನಮಸ್ಕಾರ ಹಾಕುವುದೋ ಗೊತ್ತಾಗದು.

ಪೆಟ್ರೋಲಿಗೆ 50ಕ್ಕೆ 1ರ ಲೆಕ್ಕದಲ್ಲಿ ಟೂ ಸ್ಟ್ರೋಕ್ ಆಯಿಲ್, ಲೀಟರಿಗೆ 20 ಮಿಲಿ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೇ? ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವ ತನಕ ಓಡಿಸಿ ಇಡಿ. ಜೂನಿನಲ್ಲಿ ಹಾಗೇ ಇಟ್ಟು ಅಕ್ಟೋಬರಿನಲ್ಲಿ ಹಗ್ಗ ಎಳೆದೂ ಎಳೆದೂ ಹೆಗಲು ನೋಯಿಸಿಕೊಂಡವನ ಮಾತು ಇದು. ಬಾರಿಗೆ ಗ್ಯಾರೇಜಿನ ಕರಿ ಆಯಿಲ್ ಹಾಕುವ ಚಾಳಿಯನ್ನೂ ಬಿಡಿ. ಅದರಲ್ಲಿರುವ ಲೋಹದ ಪುಡಿ ಬಾರಿಗೆ ಎಣ್ಣೆ ಹರಿಸುವ ಪಂಪನ್ನು ತಿನ್ನುತ್ತದೆ.

ಬ್ಯಾಟರಿಯದ್ದು ಹೇಗೆ ಅಂತ ಕೇಳುತ್ತಾರೆ. ಕೊಂಬೆಗೆ ಚೆನ್ನಾಗಿದೆ. ಒಣ ಜಂಬೆಗೆ ಸುಮ್ನೆ ಆಸೆ ಪಡಬೇಡಿ.

ದುಡ್ಡು ಉಳಿಸಲೇಬಾರದ ಜಾಗ ಒಂದಿದೆ. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವವರನ್ನು ನಾನು ದಿನಾ ನೋಡುತ್ತೇನೆ. ನಾನೂ ಹಾಗೇ ಇದ್ದೆ. ಒಂದು ದಿನ ಬಾರಿನ ತುದಿಯ ಮೇಲ್ಭಾಗ ಹಿಂದಿದ್ದ ಇನ್ನೊಂದು ಕೊಂಬೆಗೆ ತಾಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಿಷನ್ನು ಎದ್ದು ನನ್ನ ಮುಖದ ಕಡೆ ಬಂತು. ಎಡಗೈ ಹಿಡಿ ಬಿಟ್ಟಿರಲಿಲ್ಲ, ಅದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಚೈನ್ ಬ್ರೇಕ್ ಹಾಕಿದ ತಕ್ಷಣ ಚೈನ್ ನಿಲ್ಲುತ್ತದಾ ಅಂತ ಅಂಗಡಿಯಲ್ಲೇ ಓಡಿಸಿ ತೋರಿಸಲು ಹೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಹೆಲ್ಮೆಟ್, ಬೂಟು, ಕಾಲಿಗೆ ಚೈನ್ ತಡೆಯುವ ಪ್ಯಾಂಟು, ಇವನ್ನು ಮಿಷನ್ನಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.

ಸೌದೆಯನ್ನು ಹಸಿ ಇರುವಾಗಲೇ ತುಂಡು ಮಾಡಿ, ಸೀಳಿ, ಒಟ್ಟಿ ಒಣಗಿಸಿ. ಒಣಗಿದ ಮೇಲೆ ಕೊಯ್ಯೋಣ ಅಂತ ಬಿಟ್ಟರೆ ಮರವೂ ಕಲ್ಲು, ಚೈನೂ ಹಾಳು.

ಈಗ ನನ್ನ ಚೈನಿನಲ್ಲಿ 72 ಡ್ರೈವ್ ಲಿಂಕ್, 36 ಹಲ್ಲು. ಹದಿನೆಂಟು ಎಡಕ್ಕೆ, ಹದಿನೆಂಟು ಬಲಕ್ಕೆ. ಎರಡು ಸಲ ಪೆಟ್ರೋಲ್ ತುಂಬಿಸುವಷ್ಟರಲ್ಲಿ ಒಮ್ಮೆ ಅರ ಹಾಕುತ್ತೇನೆ. ಪ್ರತಿ ಹಲ್ಲಿಗೂ ಎರಡೋ ಮೂರೋ ಎಳೆತ, ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತು, ಮೂವತ್ತು ಡಿಗ್ರಿ ಓರೆ. ಎಲ್ಲಿಂದ ಶುರು ಮಾಡಿದೆ ಅಂತ ಮರೆಯದಿರಲು ಮೊದಲ ಹಲ್ಲಿಗೆ ಮಗಳ ನೈಲ್ ಪಾಲಿಶ್ ಹಚ್ಚುತ್ತೇನೆ. ನಿನ್ನೆ ಬಾಟಲಿ ಖಾಲಿಯಾಗಿದ್ದು ಅವಳಿಗೆ ಗೊತ್ತಾಗಿದೆ. ಈ ಸಲ ಕೊಪ್ಪಕ್ಕೆ ಹೋದಾಗ ಎರಡು ತರಬೇಕಂತೆ, ಒಂದು ಅವಳಿಗೆ, ಒಂದು ಮಿಷನ್ನಿಗೆ.